ನಂಜಿಗೆ ಮದ್ದು, ಮದ್ದಿಗೆ ಅಳತೆ



ನಾನಿರುವುದು ಉಳ್ಳಾಲದಲ್ಲಿ. ರಾಣಿ ಅಬ್ಬಕ್ಕನ ಕಡಲತೀರದ ಉಳ್ಳಾಲವಲ್ಲ; ಬೆಂಗಳೂರಿನ ಪಶ್ಚಿಮಕ್ಕೆ, ಜ್ಞಾನಭಾರತಿಯ ಆಚೆಗೆ, ಮಗ್ಗುಲಲ್ಲೊಂದು ಕೆರೆ ಇಟ್ಟುಕೊಂಡಿರುವ ಉಳ್ಳಾಲ. ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಬಹುಕಾಲದ ಸಕ್ಕರೆ ಕಾಯಿಲೆಯವರು. ಕಳೆದ ಮಳೆಗಾಲದಲ್ಲಿ ಹಿತ್ತಲಿನಲ್ಲಿ ಅವರ ಕಾಲಿಗೆ ಏನೋ ಚುಚ್ಚಿತು. ಅರಿಸಿನ ಮೆತ್ತಿ ಸುಮ್ಮನಾದರು. ಐದನೆಯ ದಿನ ಕಾಲು ಊದಿ, ಮೈ ಗಡಗಡ ನಡುಗಿ ಜ್ವರ ಬಂತು. ಆರನೆಯ ದಿನ ಬೆಳಗ್ಗೆ ಅವರಿಗೆ ಮನೆಯವರ ಗುರುತೇ ಹತ್ತಲಿಲ್ಲ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ರಕ್ತದೊತ್ತಡ ಪಾತಾಳಕ್ಕಿಳಿದಿತ್ತು.

ಆ ರಾತ್ರಿ ಅವರ ಮೊಮ್ಮಗಳು ನನಗೆ ಫೋನ್ ಮಾಡಿದಳು. ಪದವಿ ತರಗತಿಯ ವಿದ್ಯಾರ್ಥಿನಿ. ನಾನು ವಿಜ್ಞಾನದ ಕಾರ್ಯಕ್ರಮ ಮಾಡುವವನೆಂದು ಅವಳಿಗೆ ಗೊತ್ತು. ನಾನು ಬರೀ ಬಿ.ಎಸ್‌ಸಿ., ವೈದ್ಯನಲ್ಲ ಎಂಬುದೂ ಗೊತ್ತು.

"ಅಂಕಲ್, ತಾತನಿಗೆ ಸ್ಟೀರಾಯ್ಡ್ ಕೊಡ್ತೀವಿ ಅಂತಿದಾರೆ. ಅದು ರೋಗ ತಡೆಯೋ ಶಕ್ತಿನೇ ಕಡಿಮೆ ಮಾಡುತ್ತಲ್ವಾ? ಮೈಯೆಲ್ಲ ನಂಜು ತುಂಬಿರೋವಾಗ ಅದನ್ನ ಕೊಡಬಹುದಾ?"

ಅವಳ ಭಯಕ್ಕೆ ಕಾರಣವಿತ್ತು. 2021ರಲ್ಲಿ ಕೋವಿಡ್ ಬಂದಾಗ ಅವಳ ದೊಡ್ಡಪ್ಪ ವಾರಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರು. ಆಮೇಲೆ 'ಕಪ್ಪು ಶಿಲೀಂಧ್ರ' ರೋಗ ತಗಲಿ ಒಂದು ಕಣ್ಣು ಕಳೆದುಕೊಂಡರು. ಅದೇ ಮನೆಯಲ್ಲಿ ಈಗ ಅದೇ ಜಾತಿಯ ಔಷಧಿಯ ಮಾತು.

ಅಂದು ಫೋನಿನಲ್ಲಿ ನನಗೆ ತಿಳಿದಷ್ಟು ಹೇಳಿದೆ, ಉಳಿದದ್ದನ್ನು ವೈದ್ಯರನ್ನೇ ಕೇಳು ಎಂದೆ. ಆದರೆ ಅವಳ ಪ್ರಶ್ನೆಯನ್ನು ಜಗತ್ತಿನ ದೊಡ್ಡ ದೊಡ್ಡ ವೈದ್ಯರು ಎಪ್ಪತ್ತು ವರ್ಷಗಳಿಂದ ಕೇಳಿಕೊಂಡು ಬಂದಿದ್ದಾರೆ. ಒಮ್ಮೆ 'ಕೊಡಬಹುದು' ಎಂದರು, ಮತ್ತೊಮ್ಮೆ 'ಕೂಡದು' ಎಂದರು, ಮಗದೊಮ್ಮೆ 'ಕೊಡಬಹುದು, ಆದರೆ' ಎಂದರು. ಅರ್ಧ ಗಂಟೆಯ ಮಾತುಕತೆಯ ಕಾರ್ಯಕ್ರಮದಲ್ಲಿ ಹಿಡಿಸದ ಆ ಇತಿಹಾಸವನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು 'ನಂಜು' ಎಂಬ ಮಾತನ್ನು ನೋಡೋಣ. ನಮ್ಮ ಮನೆಗಳಲ್ಲಿ ಬದನೆಕಾಯಿ ನಂಜು, ಗಾಯವಿದ್ದಾಗ ತಿನ್ನಬಾರದು ಎನ್ನುತ್ತಾರೆ. ಆ ನಂಜು ಬೇರೆ. ಗಾಯದಿಂದಲೋ ಶ್ವಾಸಕೋಶದಿಂದಲೋ ಮೂತ್ರನಾಳದಿಂದಲೋ ಹೊರಟ ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಹದ ತಪ್ಪಿ, ದೇಹದ ಅಂಗಗಳನ್ನೇ ಕೆಡಿಸತೊಡಗುವ ಸ್ಥಿತಿಗೆ ವೈದ್ಯರು 'ಸೆಪ್ಸಿಸ್' ಎನ್ನುತ್ತಾರೆ. ಇಲ್ಲಿ ರೋಗಾಣುವಿನಷ್ಟೇ ನಮ್ಮ ಕಾವಲು ಪಡೆಯೂ ಹಾನಿ ಮಾಡುತ್ತದೆ. ಕಳ್ಳನನ್ನು ಹಿಡಿಯಲು ಬಂದವರು ಮನೆಗೇ ಬೆಂಕಿಯಿಟ್ಟ ಹಾಗೆ. ರಕ್ತನಾಳಗಳು ಸಡಿಲಗೊಂಡು ಹಿಗ್ಗುತ್ತವೆ, ಅವುಗಳ ಗೋಡೆಯಿಂದ ದ್ರವ ಸೋರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಸಾಕಷ್ಟು ದ್ರವ ಕೊಟ್ಟರೂ ಒತ್ತಡ ಮೇಲೇಳದೆ, ನಾರ್‌ಅಡ್ರಿನಲಿನ್‌ನಂಥ ಔಷಧಿಯಿಂದ ರಕ್ತನಾಳಗಳನ್ನು ಬಿಗಿಹಿಡಿಸಬೇಕಾದ ಸ್ಥಿತಿಯೇ 'ಸೆಪ್ಟಿಕ್ ಶಾಕ್'. ನಂಜಿನ ಆಘಾತ ಎನ್ನೋಣ. ಇದು ಅಪರೂಪದ್ದಲ್ಲ. 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಆಗಿ, ಸುಮಾರು 1.1 ಕೋಟಿ ಜನ ತೀರಿಕೊಂಡರೆಂದು ಅಂದಾಜು.

ಇನ್ನು ಸ್ಟೀರಾಯ್ಡ್. ನಿಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಿಟ್ಟಂತೆ ಎರಡು ಪುಟ್ಟ ಗ್ರಂಥಿಗಳಿವೆ. ಅವೇ ಅಡ್ರಿನಲ್ ಗ್ರಂಥಿಗಳು. ಇವು ಕೆಟ್ಟವರು ಸೊರಗಿ ಸೊರಗಿ ಸಾಯುತ್ತಾರೆಂದು ಲಂಡನ್ನಿನ ಥಾಮಸ್ ಅಡಿಸನ್ 1855ರಲ್ಲಿ ತೋರಿಸಿಕೊಟ್ಟ. 1911ರಲ್ಲಿ ಇಂಗ್ಲೆಂಡಿನ ವಾಟರ್‌ಹೌಸ್, 1918ರಲ್ಲಿ ಡೆನ್ಮಾರ್ಕಿನ ಫ್ರಿಡೆರಿಕ್‌ಸನ್ ಇನ್ನೊಂದು ಸಂಗತಿಯನ್ನು ವರ್ಣಿಸಿದರು: ಘೋರ ನಂಜಿನಿಂದ ಗಂಟೆಗಳಲ್ಲೇ ಸತ್ತ ಮಕ್ಕಳ ಅಡ್ರಿನಲ್ ಗ್ರಂಥಿಗಳಲ್ಲಿ ರಕ್ತಸ್ರಾವವಾಗಿರುತ್ತಿತ್ತು. ಹಾಗಾದರೆ ನಂಜನ್ನು ತಾಳಿಕೊಳ್ಳಲು ಈ ಗ್ರಂಥಿಗಳ ರಸ ಬೇಕೇನೋ ಎಂಬ ಗುಮಾನಿ ಅಲ್ಲಿಂದ ಹುಟ್ಟಿತು. ಆದರೆ ಆ ರಸ ಕೈಗೆ ಸಿಕ್ಕಿರಲಿಲ್ಲ.

ಅದು ಸಿಕ್ಕಿದ್ದು ಬೇರೊಂದು ರೋಗದ ಹಾದಿಯಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಕೀಲುವಾತದ ವೈದ್ಯ. ಅದೇ ಸಂಸ್ಥೆಯ ರಸಾಯನವಿಜ್ಞಾನಿ ಎಡ್ವರ್ಡ್ ಕೆಂಡಲ್ ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದ್ದ ವಸ್ತುಗಳಲ್ಲಿ ಒಂದು 'ಸಂಯುಕ್ತ ಇ'. 1948ರ ಸೆಪ್ಟೆಂಬರ್ 21ರಂದು ಹೆಂಚ್ ಅದನ್ನು, ಕೀಲುಗಳು ಬಿಗಿದು ಹಾಸಿಗೆ ಹಿಡಿದಿದ್ದ 29 ವರ್ಷದ ಹೆಂಗಸಿಗೆ ಚುಚ್ಚಿಸಿದ. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದಳು. ಆ ವಸ್ತುವೇ ಕಾರ್ಟಿಸೋನ್. ಎರಡೇ ವರ್ಷದಲ್ಲಿ, 1950ರಲ್ಲಿ, ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ಬಂತು.

ಎತ್ತಿನ ಪಿತ್ತರಸದಿಂದ ಆರಂಭಿಸಿ ಮೂವತ್ತಕ್ಕೂ ಹೆಚ್ಚು ರಾಸಾಯನಿಕ ಹಂತಗಳನ್ನು ದಾಟಿ ಕಾರ್ಟಿಸೋನ್ ತಯಾರಿಸಬೇಕಿತ್ತು. ಗ್ರಾಂ ಒಂದಕ್ಕೆ 200 ಡಾಲರ್ ಬೆಲೆ. ಇದನ್ನು ಅಗ್ಗ ಮಾಡಿದವು ಎರಡು ಜೀವಿಗಳು: ಒಂದು ಗೆಣಸು, ಒಂದು ಬೂಷ್ಟು. ನಮ್ಮ ಕಾಡುಗೆಣಸಿನ ಕುಲದ ಮೆಕ್ಸಿಕೋ ಗೆಡ್ಡೆಯಲ್ಲಿ ಡಯಾಸ್‌ಜೆನಿನ್ ಎಂಬ ವಸ್ತುವಿದೆ. ಅದರಿಂದ ಪ್ರೊಜೆಸ್ಟಿರೋನ್ ತಯಾರಿಸುವ ದಾರಿಯನ್ನು ರಸಲ್ ಮಾರ್ಕರ್ ಎಂಬಾತ 1940ರ ದಶಕದಲ್ಲಿ ಕಂಡುಕೊಂಡ. ಅದರ ಅಣುವಿನ ಹನ್ನೊಂದನೆಯ ಇಂಗಾಲಕ್ಕೆ ಒಂದು ಆಮ್ಲಜನಕವನ್ನು ಅಂಟಿಸಿದರೆ ಕಾರ್ಟಿಸೋನ್ ಹತ್ತಿರವಾಗುತ್ತದೆ. ರಸಾಯನವಿಜ್ಞಾನಿಗಳು ತಿಣುಕಾಡುತ್ತಿದ್ದ ಈ ಒಂದು ಕೆಲಸವನ್ನು ರೈಜೋಪಸ್ ಕುಲದ ಬೂಷ್ಟು ಒಂದೇ ಹಂತದಲ್ಲಿ ಮಾಡಿ ಕೊಡುತ್ತದೆಂದು ಅಪ್‌ಜಾನ್ ಕಂಪನಿಯ ಪೀಟರ್ಸನ್ ಮತ್ತು ಮರ್ರೆ 1952ರಲ್ಲಿ ಪ್ರಕಟಿಸಿದರು. ಬೆಲೆ ಬಿದ್ದುಹೋಯಿತು. ಮಳೆಗಾಲದಲ್ಲಿ ಬ್ರೆಡ್ಡಿನ ಮೇಲೆ ಹತ್ತಿಯಂತೆ ಹಬ್ಬಿ ಕಪ್ಪು ಚುಕ್ಕೆಯಿಡುವುದಲ್ಲ, ಅದರ ಕುಲವೇ ಈ ರೈಜೋಪಸ್. ಹೆಸರು ನೆನಪಿಡಿ, ಅದು ಮತ್ತೆ ಬರುತ್ತದೆ.

ಈ ಕಥೆಯ ಒಂದು ಎಳೆ ನಮ್ಮ ಊರಿನಲ್ಲೂ ಇದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದೇ ಡಯಾಸ್‌ಜೆನಿನ್‌ಗಾಗಿ ಮಧ್ಯ ಅಮೆರಿಕದ ಔಷಧಿ ಗೆಣಸನ್ನು ನಮ್ಮ ಹವೆಗೆ ಒಗ್ಗಿಸಿ 'ಅರ್ಕ ಉಪಕಾರ್' ಎಂಬ ತಳಿಯನ್ನು ಬಿಡುಗಡೆ ಮಾಡಿದರು. ಔಷಧಿ ಅಂಗಡಿಯ ಬಿಳಿ ಮಾತ್ರೆಗೂ ಹೊಲದ ಗೆಡ್ಡೆಗೂ ಇಂಥ ನಂಟಿದೆ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಯಾಕೆ ಹೇಳುವುದಿಲ್ಲವೋ ಕಾಣೆ.

ಔಷಧಿ ಅಗ್ಗವಾದ ಮೇಲೆ ವೈದ್ಯರು ಅದನ್ನು ನಂಜಿನ ಆಘಾತಕ್ಕೂ ಕೊಟ್ಟು ನೋಡಿದರು. ಕೆಲವರು ಬದುಕಿದರು, ಕೆಲವರು ಸತ್ತರು. ಬದುಕಿದವರು ಔಷಧಿಯಿಂದ ಬದುಕಿದರೋ, ಔಷಧಿ ಕೊಟ್ಟರೂ ಬದುಕಿದರೋ? ಇದನ್ನು ತಿಳಿಯಲು ಇರುವ ದಾರಿ ಒಂದೇ. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿಮದ್ದು ಕೊಡಬೇಕು. ಯಾರಿಗೆ ಯಾವುದೆಂದು ರೋಗಿಗೂ ತಿಳಿಯಬಾರದು, ವೈದ್ಯರಿಗೂ ತಿಳಿಯಬಾರದು. ಹೈಡ್ರೋಕಾರ್ಟಿಸೋನ್ ಬಗ್ಗೆ ಹೀಗೆ ಮಾಡಿದ ಒಂದು ಸಹಕಾರಿ ಪರೀಕ್ಷೆಯ ಫಲಿತಾಂಶ 1963ರಲ್ಲಿ ಹೊರಬಂತು: ತೀವ್ರ ಸೋಂಕಿನಲ್ಲಿ ಲಾಭ ಕಾಣಲಿಲ್ಲ. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಮುಗಿಯಲಿಲ್ಲ.

1976ರಲ್ಲಿ ವಿಲಿಯಂ ಶೂಮರ್ ಎಂಬ ಅಮೆರಿಕದ ಶಸ್ತ್ರವೈದ್ಯ ಎಂಟು ವರ್ಷಗಳ ತನ್ನ ಅಧ್ಯಯನವನ್ನು ಪ್ರಕಟಿಸಿದ. ಒಟ್ಟು 172 ರೋಗಿಗಳು. ಹುಸಿಮದ್ದು ಪಡೆದವರಲ್ಲಿ ನೂರಕ್ಕೆ 38 ಮಂದಿ ಸತ್ತಿದ್ದರೆ, ಭಾರಿ ಪ್ರಮಾಣದ ಸ್ಟೀರಾಯ್ಡ್ ಪಡೆದವರಲ್ಲಿ ನೂರಕ್ಕೆ ಹತ್ತೇ ಮಂದಿ. ಇಂಥ ಅಂಕಿ ನೋಡಿದ ಮೇಲೆ ಯಾವ ವೈದ್ಯ ಸುಮ್ಮನಿದ್ದಾನು? ಎಷ್ಟೋ ಆಸ್ಪತ್ರೆಗಳಲ್ಲಿ ಇದು ರೂಢಿಯಾಯಿತು. 1984ರಲ್ಲಿ ಜಕಾರ್ತಾದಿಂದ ಇನ್ನೊಂದು ಸುದ್ದಿ ಬಂತು. ಪ್ರಜ್ಞೆ ಮಸುಕಾದ ಅಥವಾ ಆಘಾತಕ್ಕೊಳಗಾದ ವಿಷಮಶೀತಜ್ವರದ, ಅಂದರೆ ಟೈಫಾಯ್ಡಿನ ರೋಗಿಗಳಿಗೆ ಪ್ರತಿಜೀವಕದ ಜೊತೆ ಡೆಕ್ಸಾಮೆಥಾಸೋನ್ ಕೊಟ್ಟಾಗ 20 ಮಂದಿಯಲ್ಲಿ ಇಬ್ಬರು ಸತ್ತರು. ಕೊಡದ 18 ಮಂದಿಯಲ್ಲಿ 10 ಜನ. ಟೈಫಾಯ್ಡ್ ನಮಗೆ ಹೊಸದಲ್ಲವಾದ್ದರಿಂದ ಈ ಸಂಖ್ಯೆ ನಮಗೆ ಹೆಚ್ಚು ತಟ್ಟುತ್ತದೆ.

ಇಲ್ಲೊಂದು ಲೆಕ್ಕ ಮಾಡೋಣ, ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಆಗ ಕೊಡುತ್ತಿದ್ದ ಮೀಥೈಲ್‌ಪ್ರೆಡ್ನಿಸೊಲೋನಿನ ಒಂದು ಸಲದ ಪ್ರಮಾಣ, ದೇಹದ ತೂಕದ ಪ್ರತಿ ಕಿಲೋಗೆ 30 ಮಿಲಿಗ್ರಾಂ. 50 ಕಿಲೋ ತೂಗುವವರಿಗೆ 1,500 ಮಿಲಿಗ್ರಾಂ. ಇದು ನಮ್ಮ ದೇಹದ ಸ್ವಂತ ಹಾರ್ಮೋನಿಗಿಂತ ಐದು ಪಟ್ಟು ಚುರುಕು. ಆದ್ದರಿಂದ 7,500 ಮಿಲಿಗ್ರಾಂ ಹೈಡ್ರೋಕಾರ್ಟಿಸೋನಿಗೆ ಸಮ. ಆರೋಗ್ಯವಂತನ ದೇಹ ದಿನಕ್ಕೆ ತಯಾರಿಸುವುದು ಹೆಚ್ಚೆಂದರೆ 20 ಮಿಲಿಗ್ರಾಂ. ಭಾಗಿಸಿ ನೋಡಿ: 375 ದಿನಗಳ ರಸ! ಒಂದು ವರ್ಷಕ್ಕೂ ಮಿಕ್ಕಿದ್ದನ್ನು ಒಂದೇ ಸಲಕ್ಕೆ ರಕ್ತಕ್ಕೆ ಸುರಿಯುತ್ತಿದ್ದರು.

1987ರಲ್ಲಿ ಎರಡು ದೊಡ್ಡ ಪರೀಕ್ಷೆಗಳು ಒಟ್ಟಿಗೇ ಫಲಿತಾಂಶ ಕೊಟ್ಟವು. ರಾಜರ್ ಬೋನ್ ಮತ್ತು ಸಂಗಡಿಗರದು 382 ರೋಗಿಗಳದ್ದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳದ್ದು 223 ರೋಗಿಗಳದ್ದು. ಎರಡರಲ್ಲೂ ಸ್ಟೀರಾಯ್ಡ್ ಪ್ರಾಣ ಉಳಿಸಲಿಲ್ಲ. ಬೋನ್ ಪರೀಕ್ಷೆಯಲ್ಲಂತೂ, ಮೊದಲೇ ಮೂತ್ರಪಿಂಡ ಸೋತಿದ್ದವರಲ್ಲಿ ಸ್ಟೀರಾಯ್ಡ್ ಪಡೆದವರೇ ಹೆಚ್ಚು ಸತ್ತರು. ಎರಡನೆಯ ಸೋಂಕಿನಿಂದ ಸತ್ತವರೂ ಆ ಗುಂಪಿನಲ್ಲೇ ಹೆಚ್ಚು. ನಮ್ಮ ಮೇಷ್ಟ್ರ ಮೊಮ್ಮಗಳ ಅಂಜಿಕೆ ಅಕ್ಷರಶಃ ನಿಜವಾಗಿತ್ತು. ಹತ್ತು ವರ್ಷ ನಂಬಿ ಕೊಟ್ಟದ್ದನ್ನು ವೈದ್ಯರು ಕೈಬಿಟ್ಟರು. ತಪ್ಪನ್ನು ಒಪ್ಪಿಕೊಂಡು ರೂಢಿಯನ್ನು ಬದಲಿಸುವುದು ಸಣ್ಣ ಮಾತಲ್ಲ. ವಿಜ್ಞಾನದ ಇತಿಹಾಸದಲ್ಲಿ ಇಂಥ ಹಿಂದೆಗೆತಗಳನ್ನು ನಾವು ಹೊಸ ಶೋಧಗಳಷ್ಟು ಕೊಂಡಾಡುವುದಿಲ್ಲ.

ಮತ್ತೆ ಬಾಗಿಲು ತೆರೆದದ್ದು ಬೇರೆಯದೇ ಒಂದು ಪ್ರಶ್ನೆಯಿಂದ. ಸೋಂಕನ್ನು ಹತ್ತಿಕ್ಕಲು ಸ್ಟೀರಾಯ್ಡ್ ಸುರಿಯುವ ಬದಲು, ದೇಹಕ್ಕೆ ಆ ಹೊತ್ತಿನಲ್ಲಿ ಬೇಕಾದಷ್ಟನ್ನು ಮಾತ್ರ ತುಂಬಿಕೊಟ್ಟರೆ? ಭಾರಿ ಕಾಯಿಲೆಯಲ್ಲಿ ಆರೋಗ್ಯವಂತ ಗ್ರಂಥಿ ತನ್ನ ಉತ್ಪಾದನೆಯನ್ನು ಹಲವು ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ನಂಜಿನ ಆಘಾತದಲ್ಲಿ ಕೆಲವರ ಗ್ರಂಥಿ ಅಷ್ಟು ಒದಗಿಸಲಾರದೆ ಹೋಗಬಹುದು. ಆ ರಸ ಸಾಲದಿದ್ದರೆ ರಕ್ತನಾಳಗಳು ನಾರ್‌ಅಡ್ರಿನಲಿನ್‌ನ ಆಜ್ಞೆಗೆ ಕಿವಿಗೊಡುವುದಿಲ್ಲ. ದಿನಕ್ಕೆ ಸುಮಾರು 200 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಸಾಕು, ಆದರೆ ಒಂದು ಸುರಿಮಳೆಯಾಗಿ ಅಲ್ಲ, ಕೆಲವು ದಿನ ಬಿಡದೆ ಎಂಬುದು ಹೊಸ ವಾದ. 7,500 ಎಲ್ಲಿ, 200 ಎಲ್ಲಿ!

ಫ್ರಾನ್ಸಿನ ಜಿಲಾಲಿ ಅನಾನ್ ಮತ್ತು ಸಂಗಡಿಗರು 19 ತೀವ್ರನಿಗಾ ಘಟಕಗಳಲ್ಲಿ 300 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಗ್ರಂಥಿ ಸರಿಯಾಗಿ ಸ್ಪಂದಿಸದವರಲ್ಲಿ ಹುಸಿಮದ್ದಿನ ಗುಂಪಿನಲ್ಲಿ ನೂರಕ್ಕೆ 63 ಮಂದಿ ಸತ್ತರೆ ಔಷಧಿಯ ಗುಂಪಿನಲ್ಲಿ 53. ಆಸೆ ಚಿಗುರಿತು. 2008ರಲ್ಲಿ 'ಕಾರ್ಟಿಕಸ್' ಎಂಬ ಯೂರೋಪಿನ ಪರೀಕ್ಷೆ, 499 ರೋಗಿಗಳದ್ದು, ಮತ್ತೆ ತಣ್ಣೀರೆರಚಿತು: ಆಘಾತ ಬೇಗ ಇಳಿಯಿತು, ಸಾವು ಕಡಿಮೆಯಾಗಲಿಲ್ಲ.

2018ರಲ್ಲಿ ಎರಡು ಪರೀಕ್ಷೆಗಳು ಬಂದವು. ಒಂದು ಆಸ್ಟ್ರೇಲಿಯಾದಿಂದ, ಬಾಲಸುಬ್ರಮಣಿಯನ್ ವೆಂಕಟೇಶ್ ಮುಂದಾಳುತನದ್ದು. ಐದು ದೇಶಗಳು, ಕೃತಕ ಉಸಿರಾಟದಲ್ಲಿದ್ದ ಸುಮಾರು 3,700 ರೋಗಿಗಳು. ಮೂರು ತಿಂಗಳಲ್ಲಿ ಸತ್ತವರು ಔಷಧಿಯ ಗುಂಪಿನಲ್ಲಿ ನೂರಕ್ಕೆ 27.9, ಹುಸಿಮದ್ದಿನಲ್ಲಿ 28.8. ವ್ಯತ್ಯಾಸವಿಲ್ಲವೆಂದೇ ಹೇಳಬೇಕು. ಆದರೆ ಆಘಾತದಿಂದ ಹೊರಬರಲು ಹುಸಿಮದ್ದಿನವರಿಗೆ ನಾಲ್ಕು ದಿನ ಹಿಡಿದರೆ ಔಷಧಿ ಪಡೆದವರಿಗೆ ಮೂರೇ ದಿನ. ಇನ್ನೊಂದು ಮತ್ತೆ ಅನಾನ್ ಅವರದು, 1,241 ರೋಗಿಗಳು. ಹೈಡ್ರೋಕಾರ್ಟಿಸೋನ್ ಜೊತೆ ಫ್ಲೂಡ್ರೋಕಾರ್ಟಿಸೋನ್ ಎಂಬ ಇನ್ನೊಂದು ಸ್ಟೀರಾಯ್ಡನ್ನೂ ಕೊಟ್ಟರು. ಇಲ್ಲಿ ಸಾವು ನೂರಕ್ಕೆ 43, ಹುಸಿಮದ್ದಿನಲ್ಲಿ 49. ಎರಡನೆಯ ಪರೀಕ್ಷೆಯ ರೋಗಿಗಳು ಇನ್ನೂ ಗಂಭೀರ ಸ್ಥಿತಿಯವರೆಂಬುದನ್ನು ಆ ಅಂಕಿಗಳೇ ಹೇಳುತ್ತವೆ. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಇದನ್ನೆಲ್ಲ ತೂಗಿ, ರಕ್ತನಾಳ ಬಿಗಿಸುವ ಔಷಧಿಯ ಅವಲಂಬನೆ ತಪ್ಪದಿರುವ ನಂಜಿನ ಆಘಾತದಲ್ಲಿ ದಿನಕ್ಕೆ 200 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಕೊಡಬಹುದೆಂದು ಸೂಚಿಸಿತು. 'ಕೊಡಲೇಬೇಕು' ಎನ್ನಲಿಲ್ಲ, ಗಮನಿಸಿ.

ಈಗ ಆ ಹುಡುಗಿಯ ದೊಡ್ಡಪ್ಪನ ವಿಷಯಕ್ಕೆ ಬರೋಣ. 2020ರ ಜೂನ್ 16ರಂದು ಬ್ರಿಟನ್ನಿನ 'ರಿಕವರಿ' ಪರೀಕ್ಷೆಯವರು ಕೋವಿಡ್‌ಗೆ ಡೆಕ್ಸಾಮೆಥಾಸೋನ್ ಫಲಕಾರಿ ಎಂದು ಘೋಷಿಸಿದರು. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ಹೈಡ್ರೋಕಾರ್ಟಿಸೋನಿನ ಲೆಕ್ಕದಲ್ಲಿ ಇದು ಸುಮಾರು 160 ಮಿಲಿಗ್ರಾಂ. ನಂಜಿನ ಆಘಾತದ ಅಳತೆಗೆ ಹತ್ತಿರವೇ. ಕೃತಕ ಉಸಿರಾಟದಲ್ಲಿದ್ದವರಲ್ಲಿ ಸಾವು ನೂರಕ್ಕೆ 41ರಿಂದ 29ಕ್ಕೆ ಇಳಿಯಿತು. ಬರೀ ಆಮ್ಲಜನಕ ಪಡೆಯುತ್ತಿದ್ದವರಲ್ಲಿ 26ರಿಂದ 23ಕ್ಕೆ. ಆಮ್ಲಜನಕವೇ ಬೇಕಿಲ್ಲದವರಲ್ಲಿ? ಔಷಧಿ ಪಡೆಯದವರಲ್ಲಿ 14, ಪಡೆದವರಲ್ಲಿ 18. ಲಾಭವಿಲ್ಲ, ಹಾನಿಯ ಸುಳಿವೂ ಇತ್ತು.

ಈ ಕೊನೆಯ ಸಾಲನ್ನು ಓದಿದವರು ಕಡಿಮೆ. 2021ರ ಏಪ್ರಿಲ್, ಮೇ ತಿಂಗಳ ಎರಡನೆಯ ಅಲೆಯಲ್ಲಿ ಹಾಸಿಗೆ ಸಿಗದೆ ಜನ ಮನೆಗಳಲ್ಲೇ ಉಳಿದಾಗ, ಜ್ವರದ ಮೊದಲ ದಿನದಿಂದಲೇ ಸ್ಟೀರಾಯ್ಡ್ ನುಂಗಿದವರೆಷ್ಟೋ. ಬೇಕಿಲ್ಲದವರು, ಬೇಕಾದ್ದಕ್ಕಿಂತ ಹೆಚ್ಚು, ಹೇಳಿದ್ದಕ್ಕಿಂತ ಹೆಚ್ಚು ದಿನ. ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಕಾವಲು ಕಣಗಳನ್ನು ಮಂಕಾಗಿಸುತ್ತದೆ. ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವ ನಮ್ಮಲ್ಲಿ ಇದು ಬೆಂಕಿಗೆ ತುಪ್ಪವಾಯಿತು. ಮೂಗಿನಿಂದ ಹೊಕ್ಕು ಕಣ್ಣಿಗೂ ಮೆದುಳಿಗೂ ಹಬ್ಬುವ ಮ್ಯೂಕರ್‌ಮೈಕೋಸಿಸ್, ಪತ್ರಿಕೆಗಳ 'ಕಪ್ಪು ಶಿಲೀಂಧ್ರ', ಹರಡಿತು. ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40,000ಕ್ಕೂ ಹೆಚ್ಚು ಪ್ರಕರಣಗಳು. ಕರ್ನಾಟಕದ್ದೇ ಮೂರು ಸಾವಿರ ದಾಟಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಸರ್ಕಾರ ಇದಕ್ಕೆಂದೇ ಚಿಕಿತ್ಸೆಯ ಏರ್ಪಾಟು ಮಾಡಬೇಕಾಯಿತು. ಆಂಫೊಟೆರಿಸಿನ್ ಚುಚ್ಚುಮದ್ದಿಗಾಗಿ ಜನ ಊರೂರು ಅಲೆದರು.

ಆ ರೋಗದ ಶಿಲೀಂಧ್ರ ಯಾವುದು ಗೊತ್ತೇ? ನಮ್ಮ ದೇಶದಲ್ಲಿ ಹೆಚ್ಚಾಗಿ ಕಂಡುಬರುವುದು ರೈಜೋಪಸ್ ಆರ್‌ಹೈಜಸ್. 1952ರಲ್ಲಿ ಪೀಟರ್ಸನ್ ಮತ್ತು ಮರ್ರೆ ಯಾವ ಬೂಷ್ಟಿನಿಂದ ಸ್ಟೀರಾಯ್ಡ್ ತಯಾರಿಕೆಯ ದಾರಿ ಸುಗಮ ಮಾಡಿದರೋ ಅದರಲ್ಲಿ ಇದೇ ಜಾತಿಯೂ ಇತ್ತು. ಯಾವ ಬೂಷ್ಟು ಆ ಮದ್ದನ್ನು ಬಡವರ ಕೈಗೆಟುಕಿಸಿತೋ, ಅಳತೆ ತಪ್ಪಿ ನುಂಗಿದವರ ಮೈಯಲ್ಲಿ ಅದೇ ಬೇರುಬಿಟ್ಟಿತು. ಇದರಲ್ಲಿ ಶಾಪವೂ ಇಲ್ಲ, ಕರ್ಮವೂ ಇಲ್ಲ. ಮಣ್ಣಿನಲ್ಲಿ, ಗಾಳಿಯಲ್ಲಿ, ಕೊಳೆತ ಹಣ್ಣಿನಲ್ಲಿ ಎಲ್ಲೆಲ್ಲೂ ಇರುವ ಜೀವಿ ಅದು. ಕಾವಲು ಮಂಕಾದ, ಸಕ್ಕರೆ ತುಂಬಿದ ರಕ್ತ ಸಿಕ್ಕಿತು, ಬೆಳೆಯಿತು.

ಹಾಗಾಗಿ ಆ ರಾತ್ರಿ ಮೇಷ್ಟ್ರ ಮೊಮ್ಮಗಳಿಗೆ ನಾನು ಹೇಳಿದ್ದು ಇಷ್ಟು: "ನೋಡಮ್ಮ, ನಿನ್ನ ದೊಡ್ಡಪ್ಪ ನುಂಗಿದ್ದೂ ತಾತನಿಗೆ ಕೊಡೋದೂ ಒಂದೇ ಜಾತಿ ಔಷಧಿ, ಆದರೆ ಸಂದರ್ಭ ಬೇರೆ. ಎಷ್ಟು ಕೊಡ್ತಾರೆ, ಎಷ್ಟು ದಿನ ಕೊಡ್ತಾರೆ, ಸಕ್ಕರೆ ಎಷ್ಟು ಹೊತ್ತಿಗೊಮ್ಮೆ ನೋಡ್ತಾರೆ, ಇಷ್ಟನ್ನ ಕೇಳು. ಪ್ರತಿಜೀವಕ ನಡೀತಾ ಇದೆಯಾ, ಕಾಲಿನ ಕೀವು ತೆಗೆದ್ರಾ, ಅದನ್ನೂ ಕೇಳು. ಅದಿಲ್ಲದೆ ಇದೊಂದರಿಂದ ಏನೂ ಆಗಲ್ಲ."

ಅವಳು ಕೇಳಿದಳು. ಆರು ಗಂಟೆಗೊಮ್ಮೆ 50 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್, ನಾರ್‌ಅಡ್ರಿನಲಿನ್ ನಿಂತ ಮೇಲೆ ಇದನ್ನೂ ನಿಲ್ಲಿಸುತ್ತೇವೆ, ಸಕ್ಕರೆಯನ್ನು ಗಂಟೆಗಂಟೆಗೂ ನೋಡಿ ಇನ್ಸುಲಿನ್ ಕೊಡುತ್ತೇವೆ ಎಂದರಂತೆ ಅಲ್ಲಿಯ ವೈದ್ಯೆ. ನಾಲ್ಕನೆಯ ದಿನ ನಾರ್‌ಅಡ್ರಿನಲಿನ್ ನಿಂತಿತು. ಎರಡು ಕಾಲ್ಬೆರಳು ತೆಗೆಯಬೇಕಾಯಿತು. ಮೂರನೆಯ ವಾರ ಮೇಷ್ಟ್ರು ಮನೆಗೆ ಬಂದರು.

"ಹಾಗಾದ್ರೆ ತಾತ ಉಳಿದಿದ್ದು ಸ್ಟೀರಾಯ್ಡಿಂದಾನೇ ಅಲ್ವಾ ಅಂಕಲ್?" ಎಂದು ಮೊನ್ನೆ ಕೇಳಿದಳು. ಅವರೊಬ್ಬರನ್ನು ನೋಡಿ ಅದನ್ನು ಹೇಳಲಾಗುವುದಿಲ್ಲ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಶೂಮರನ 172 ಮತ್ತು ವೆಂಕಟೇಶರ 3,700 ಎರಡನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ನೋಡಿಕೊಂಡು ಬರುತ್ತೇನೆಂದು ಒಯ್ದಿದ್ದಾಳೆ. ಮೇಷ್ಟ್ರು ಈಗ ಮೆತ್ತನೆಯ ಬೂಟು ತೊಟ್ಟು ಸಂಜೆ ಕೆರೆಯ ದಂಡೆಯವರೆಗೆ ಹೋಗಿಬರುತ್ತಾರೆ. ಬದನೆಕಾಯಿ ಮಾತ್ರ ಆ ಮನೆಯಲ್ಲಿ ಇನ್ನೂ ಬೇಯುತ್ತಿಲ್ಲ.